ಇರುವ ಹಲ್ಲು, ಇಡುವ ಹಲ್ಲು

ನಮ್ಮ ಮನೆಯಲ್ಲಿ ಒಂದೇ ಪ್ರಶ್ನೆ ಎರಡು ಬಾರಿ ಎದುರಾಯಿತು. ಎರಡು ಬಾರಿಯೂ ಬೇರೆ ಬೇರೆ ಉತ್ತರ ಕೊಟ್ಟೆವು. ನನ್ನ ಕೆಳದವಡೆಯ ಒಂದು ಹಲ್ಲನ್ನು ಉಳಿಸಿಕೊಂಡೆವು, ಅಮ್ಮನ ಅಂಥದೇ ಒಂದು ಹಲ್ಲನ್ನು ಕೀಳಿಸಿ ಇಂಪ್ಲಾಂಟ್, ಅಂದರೆ ದವಡೆಯ ಮೂಳೆಯಲ್ಲಿ ಲೋಹದ ಬೇರು ಕೂರಿಸಿ ಅದರ ಮೇಲೆ ಕಟ್ಟುವ ಕೃತಕ ಹಲ್ಲು, ಹಾಕಿಸಿದೆವು. ಎರಡೂ ಸರಿಯಾದ ತೀರ್ಮಾನಗಳೇ ಎಂಬ ನಂಬಿಕೆ ನನಗಿದೆ. ಆದರೆ ಕಾರಣ ವಿವರಿಸಲು ಹೋದಾಗಲೆಲ್ಲ ಮಾತು ‘ಅದೆಲ್ಲ ಇರಲಿ, ಯಾವುದು ಜಾಸ್ತಿ ವರ್ಷ ಬರುತ್ತೆ ಹೇಳಿ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಕೇಳುವವರ ತಪ್ಪಲ್ಲ, ಸಾವಿರಾರು ರೂಪಾಯಿ ಖರ್ಚು ಮಾಡುವವರು ಬಾಳಿಕೆಯನ್ನು ಕೇಳಲೇಬೇಕು. ಆದರೂ ಆ ಪ್ರಶ್ನೆಯೊಂದನ್ನೇ ಹಿಡಿದು ಹೊರಟರೆ ಉಳಿಸಬಹುದಾದ ಹಲ್ಲುಗಳು ಹೋಗುತ್ತವೆ, ಹೋಗಬೇಕಾದ ಹಲ್ಲುಗಳು ಸುತ್ತಲಿನ ಮೂಳೆಯನ್ನೂ ಹಾಳು ಮಾಡುತ್ತಾ ಉಳಿದುಕೊಳ್ಳುತ್ತವೆ ಎಂಬುದು ಈ ಎರಡು ಅನುಭವಗಳಿಂದ ನನಗೆ ಗಟ್ಟಿಯಾಗಿದೆ.

ನನ್ನದು ಎಡಬದಿಯ ಮೊದಲ ದವಡೆ ಹಲ್ಲು. ಮಕ್ಕಳಿರುವವರು ಈ ಹಲ್ಲನ್ನು ವಿಶೇಷವಾಗಿ ಗಮನಿಸಬೇಕು: ಸುಮಾರು ಆರನೆಯ ವಯಸ್ಸಿಗೆ, ಯಾವ ಹಾಲುಹಲ್ಲೂ ಬೀಳದೆ, ಸಾಲಿನ ಹಿಂದೆ ಸದ್ದಿಲ್ಲದೆ ಹುಟ್ಟುವ ಇದನ್ನು ಅನೇಕ ಮನೆಗಳಲ್ಲಿ ಹಾಲುಹಲ್ಲೆಂದೇ ತಿಳಿದು, ಬಿದ್ದು ಹೋಗುವುದಕ್ಕೆ ಯಾಕೆ ಚಿಕಿತ್ಸೆ ಎಂದು ಬಿಟ್ಟುಬಿಡುತ್ತಾರೆ. ಬಾಯಿಯಲ್ಲಿ ಅತಿ ಹೆಚ್ಚು ಹುಳುಕು ಹಿಡಿಯುವ ಶಾಶ್ವತ ಹಲ್ಲುಗಳಲ್ಲಿ ಇದೂ ಒಂದು. ನನ್ನ ಹಲ್ಲಿಗೆ ಕಾಲೇಜಿನ ದಿನಗಳಲ್ಲೇ ರೂಟ್ ಕೆನಾಲ್ ಆಗಿ ಕ್ಯಾಪ್ ಕೂತಿತ್ತು. ಎಷ್ಟೋ ವರ್ಷಗಳ ನಂತರ, ಪಕ್ಕದ ಹಲ್ಲಿನ ತೊಂದರೆಗೆಂದು ತೆಗೆಸಿದ ಎಕ್ಸ್‌ರೇಯಲ್ಲಿ ಇದರ ಬೇರಿನ ತುದಿಯಲ್ಲಿ ಕಪ್ಪು ನೆರಳೊಂದು ಕಂಡಿತು. ನೋವಿರಲಿಲ್ಲ, ಊತವಿರಲಿಲ್ಲ. ಬೇರಿನೊಳಗೆ ಎಲ್ಲೋ ಉಳಿದ ಸೋಂಕಿಗೆ ಸುತ್ತಲಿನ ಮೂಳೆ ಕರಗುತ್ತಿದೆ ಎಂಬುದು ಅದರ ಅರ್ಥ.

ಮೊದಲು ನೋಡಿದ ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ‘ಇದು ಸತ್ತ ಹಲ್ಲು. ಎಷ್ಟು ದಿನ ಅಂತ ಇದರ ಹಿಂದೆ ದುಡ್ಡು ಹಾಕ್ತೀರಿ? ತೆಗೆದು ಇಂಪ್ಲಾಂಟ್ ಹಾಕಿಬಿಡೋಣ, ಆಮೇಲೆ ಚಿಂತೆಯೇ ಇಲ್ಲ’ ಎಂದರು. ಎರಡನೆಯ ಅಭಿಪ್ರಾಯಕ್ಕೆಂದು ಬೇರೆ ಊರಿನ ರೂಟ್ ಕೆನಾಲ್ ತಜ್ಞರ ಬಳಿಗೆ ಹೋದಾಗ ಅವರು ನೆರಳನ್ನು ಬಹಳ ಹೊತ್ತು ನೋಡಲಿಲ್ಲ. ವಸಡಿನ ಸುತ್ತ ಸಣ್ಣ ಅಳತೆಕಡ್ಡಿಯನ್ನು ಇಳಿಸುತ್ತಾ ಒಂದೊಂದು ಕಡೆಯ ಆಳವನ್ನು ಸಹಾಯಕರಿಗೆ ಹೇಳಿ ಬರೆಸಿದರು, ಕ್ಯಾಪಿನ ಅಂಚಿನಲ್ಲಿ ಕೊಕ್ಕೆಯಾಡಿಸಿದರು, ಸ್ಕ್ಯಾನ್ ಬರೆದುಕೊಟ್ಟರು. ಕೊನೆಗೆ, ‘ಹಲ್ಲು ಗಟ್ಟಿಯಿದೆ, ಬಿರುಕು ಕಾಣ್ತಿಲ್ಲ. ಹಳೆಯ ಚಿಕಿತ್ಸೆಯಲ್ಲಿ ಒಂದು ನಾಳ ತಪ್ಪಿಹೋಗಿರಬೇಕು. ಬಿಚ್ಚಿ ನೋಡೋಣ. ಇದನ್ನ ತೆಗೆಯೋದು ಯಾವಾಗಲೂ ಇದ್ದೇ ಇರುತ್ತೆ’ ಎಂದರು. ಆ ಕೊನೆಯ ವಾಕ್ಯ ನನ್ನ ಮನಸ್ಸಿನಲ್ಲಿ ಉಳಿಯಿತು.

ಕೆಳದವಡೆಯ ಈ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರುಗಳಿದ್ದರೂ ಅವುಗಳೊಳಗಿನ ನಾಳಗಳು ಮೂರು, ಕೆಲವೊಮ್ಮೆ ನಾಲ್ಕು. ನನ್ನದರಲ್ಲಿ ನಾಲ್ಕನೆಯದೊಂದು ಇತ್ತು, ಅದನ್ನು ಯಾರೂ ಮುಟ್ಟಿರಲಿಲ್ಲ. ಬಾಯಿಗೆ ರಬ್ಬರ್ ಹಾಳೆ ಕಟ್ಟಿ, ಹಲ್ಲೊಂದನ್ನೇ ಅದರ ತೂತಿನಿಂದ ಹೊರಗೆ ತೆಗೆದು, ಸೂಕ್ಷ್ಮದರ್ಶಕದ ಕೆಳಗೆ ಹಳೆಯ ಗಟ್ಟಾಪರ್ಚಾವನ್ನು ಕೆರೆದು, ನಾಳಗಳನ್ನು ಹೈಪೋಕ್ಲೋರೈಟ್ ದ್ರಾವಣದಿಂದ ಮತ್ತೆ ಮತ್ತೆ ತೊಳೆದರು. (ಗಟ್ಟಾಪರ್ಚಾ ಮಲಯದ ಕಾಡಿನ ಒಂದು ಮರದ ಹಾಲು. ಹತ್ತೊಂಬತ್ತನೆಯ ಶತಮಾನದಲ್ಲಿ ಸಮುದ್ರದಡಿಯ ತಂತಿಗಳಿಗೆ ಹೊದಿಸುತ್ತಿದ್ದ ಅದೇ ವಸ್ತು ಇಂದಿಗೂ ನಮ್ಮ ಹಲ್ಲಿನ ಬೇರುಗಳನ್ನು ತುಂಬುತ್ತಿದೆ.) ನಂತರದ ಎಕ್ಸ್‌ರೇಗಳಲ್ಲಿ ನೆರಳು ಕುಗ್ಗುತ್ತಾ ಬಂದಿದೆ. ಮೂಳೆ ಮರಳಿ ತುಂಬಿಕೊಳ್ಳುವ ಕೆಲಸ ನಿಧಾನದ್ದು. ಪೂರ್ತಿ ಮಾಯಿತೆಂದು ಹೇಳಲು ಇನ್ನೂ ಕಾಯಬೇಕು.

ಸತ್ತದ್ದು ಯಾವುದು, ಬದುಕಿರುವುದು ಯಾವುದು

‘ಸತ್ತ ಹಲ್ಲು’ ಎಂಬ ಮಾತನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕಾಗಿದೆ, ಏಕೆಂದರೆ ಬಹಳ ಜನ ಹಲ್ಲು ಕೀಳಿಸಲು ಒಪ್ಪುವುದು ಆ ಮಾತನ್ನು ನಂಬಿಯೇ. ರೂಟ್ ಕೆನಾಲಿನಲ್ಲಿ ತೆಗೆಯುವುದು ಹಲ್ಲಿನ ಒಳಗಿನ ತಿರುಳನ್ನು, ಅಂದರೆ ಅಲ್ಲಿನ ನರ ಮತ್ತು ರಕ್ತನಾಳಗಳನ್ನು. ಬಿಸಿ, ತಣ್ಣಗಿನ ಜುಮ್ಮೆನಿಸುವಿಕೆ ಅದರೊಂದಿಗೆ ಹೋಗುತ್ತದೆ. ಆದರೆ ಬೇರಿನ ಹೊರಮೈಗೂ ದವಡೆಯ ಮೂಳೆಗೂ ನಡುವೆ ಸುಮಾರು ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ತೆಳುವಾದ ನಾರುಗಳ ಪದರವಿದೆ. ಹಲ್ಲು ಮೂಳೆಗೆ ಅಂಟಿಕೊಂಡಿರುವುದಿಲ್ಲ, ಈ ನಾರುಗಳಲ್ಲಿ ತೂಗಿಕೊಂಡಿರುತ್ತದೆ. ಆ ಪದರಕ್ಕೆ ತನ್ನದೇ ರಕ್ತ ಪೂರೈಕೆಯಿದೆ, ತನ್ನದೇ ನರಗಳಿವೆ. ರೂಟ್ ಕೆನಾಲ್ ಚಿಕಿತ್ಸೆ ಅದನ್ನು ಮುಟ್ಟುವುದಿಲ್ಲ.

ಅನ್ನದಲ್ಲಿ ಒಂದು ಸಣ್ಣ ಕಲ್ಲು ಸಿಕ್ಕ ಕ್ಷಣವೇ ದವಡೆ ತಾನಾಗಿ ನಿಂತುಬಿಡುವುದು ಈ ಪದರದಿಂದ. ನಾವು ಯೋಚಿಸುವ ಮೊದಲೇ ಅದು ಸುದ್ದಿ ಮುಟ್ಟಿಸಿರುತ್ತದೆ. ಎದುರುಬದುರಾದ ಎರಡು ಸಹಜ ಹಲ್ಲುಗಳ ನಡುವೆ ಇಪ್ಪತ್ತು ಮೈಕ್ರಾನಿನ ಆಸುಪಾಸಿನ, ಅಂದರೆ ತಲೆಕೂದಲಿಗಿಂತ ತೆಳುವಾದ ಹಾಳೆಯಿದ್ದರೂ ಗೊತ್ತಾಗುತ್ತದೆ. ಇಂಪ್ಲಾಂಟಿಗೆ ಅದಕ್ಕಿಂತ ಬಹಳ ದಪ್ಪನೆಯದು ಬೇಕು. ರಸ್ತೆಯಲ್ಲಿ ಬಿದ್ದ ಮಗುವಿನ ಹಲ್ಲು ಪೂರ್ತಿ ಕಳಚಿಬಂದಾಗ, ಬೇರನ್ನು ಮುಟ್ಟದೆ ತಲೆಭಾಗ ಹಿಡಿದು, ತಣ್ಣನೆಯ ಹಾಲಿನಲ್ಲಿ ಹಾಕಿಕೊಂಡು ಒಂದು ಗಂಟೆಯೊಳಗೆ ದಂತವೈದ್ಯರ ಬಳಿಗೆ ಓಡಬೇಕೆಂದು ಹೇಳುವುದೂ ಬೇರಿನ ಮೈಗೆ ಅಂಟಿರುವ ಈ ಪದರದ ಜೀವಕೋಶಗಳನ್ನು ಉಳಿಸುವುದಕ್ಕಾಗಿಯೇ. ಅವು ಬದುಕಿದ್ದರೆ ಹಲ್ಲು ಮರಳಿ ಕೂರುತ್ತದೆ.

ಇಂಪ್ಲಾಂಟಿನಲ್ಲಿ ಈ ಪದರವಿಲ್ಲ, ಮತ್ತು ಅದು ಇಂಪ್ಲಾಂಟಿನ ದೋಷವೂ ಅಲ್ಲ. ಅದರ ಯಶಸ್ಸಿನ ಆಧಾರವೇ ಅದು. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ 1952ರಲ್ಲಿ ಮೊಲದ ಮೂಳೆಯೊಳಗಿನ ರಕ್ತಸಂಚಾರ ನೋಡಲೆಂದು ಟೈಟೇನಿಯಂನ ಪುಟ್ಟ ಉಪಕರಣವನ್ನು ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ಅದನ್ನು ಹೊರತೆಗೆಯಲು ಹೋದರೆ ಬರಲಿಲ್ಲ, ಮೂಳೆ ಲೋಹವನ್ನು ನೇರವಾಗಿ ಅಪ್ಪಿಕೊಂಡಿತ್ತು. ನಡುವೆ ನಾರಿಲ್ಲದ ಆ ಬೆಸುಗೆಯ ಮೇಲೆಯೇ ಇಂದಿನ ಇಂಪ್ಲಾಂಟ್ ನಿಂತಿದೆ. 1965ರಲ್ಲಿ ಅವರು ಚಿಕಿತ್ಸೆ ಮಾಡಿದ ಮೊದಲ ರೋಗಿ ಯೋಸ್ಟ ಲಾರ್ಸನ್. ಹುಟ್ಟಿನಿಂದಲೇ ದವಡೆ ಸರಿಯಾಗಿ ರೂಪುಗೊಳ್ಳದೆ, ಕೆಳಗಿನ ಹಲ್ಲುಗಳಿಲ್ಲದೆ ಊಟಕ್ಕೂ ಮಾತಿಗೂ ಕಷ್ಟಪಡುತ್ತಿದ್ದವರು. 2006ರಲ್ಲಿ ತೀರಿಕೊಳ್ಳುವವರೆಗೂ, ನಾಲ್ಕು ದಶಕ, ಆ ಇಂಪ್ಲಾಂಟುಗಳು ಅವರ ಬಾಯಿಯಲ್ಲಿ ಕೆಲಸ ಮಾಡಿದವು. ಬೇರೆ ದೇಶಗಳ ದಂತವೈದ್ಯರು ಇದನ್ನು ಗಂಭೀರವಾಗಿ ಒಪ್ಪಿಕೊಂಡದ್ದು 1982ರ ಟೊರಾಂಟೊ ಸಮ್ಮೇಳನದ ನಂತರ.

ಈ ಚರಿತ್ರೆಯಲ್ಲಿ ನನಗೆ ಮುಖ್ಯವೆನಿಸುವುದು, ಇಂಪ್ಲಾಂಟ್ ಹುಟ್ಟಿದ್ದು ಹಲ್ಲಿಲ್ಲದವರಿಗಾಗಿ ಎಂಬುದು. ಕಳಚುವ ಸೆಟ್ಟನ್ನು ನೆಚ್ಚಿಕೊಂಡು, ಕೆಳದವಡೆಯಲ್ಲಿ ಅದು ನಿಲ್ಲದೆ, ಮೆತ್ತಗಿನ ಅನ್ನ-ತಿಳಿಸಾರಿಗೇ ಒಗ್ಗಿಹೋದ ಹಿರಿಯರು ನಮ್ಮ ಪ್ರತಿ ಊರಿನಲ್ಲಿದ್ದಾರೆ. ನಮ್ಮ ಸರ್ಕಾರ ದಂತಭಾಗ್ಯ ಯೋಜನೆಯಲ್ಲಿ ಬಡ ಹಿರಿಯರಿಗೆ ಉಚಿತವಾಗಿ ಸೆಟ್ಟು ಕೊಡಲು ಹೊರಟದ್ದು ಆ ಕಷ್ಟ ಎಷ್ಟು ವ್ಯಾಪಕವೆಂಬುದಕ್ಕೆ ಸಾಕ್ಷಿ. ಅಂಥವರ ಬಾಯಿಯಲ್ಲಿ ಎರಡು ಇಂಪ್ಲಾಂಟ್ ಕೂರಿಸಿ ಅದರ ಮೇಲೆ ಸೆಟ್ಟನ್ನು ಭದ್ರಪಡಿಸಿದರೆ ಬದುಕೇ ಬದಲಾಗುತ್ತದೆ. ಇಲ್ಲದ ಹಲ್ಲಿಗೆ ಬದಲಿ ಕೊಡುವುದರಲ್ಲಿ ಅದನ್ನು ಮೀರಿಸುವ ವಿಧಾನ ಇನ್ನೂ ಬಂದಿಲ್ಲ. ಇರುವ ಹಲ್ಲಿನ ಜೊತೆ ಅದನ್ನು ಸ್ಪರ್ಧೆಗೆ ನಿಲ್ಲಿಸುವುದು ಮಾತ್ರ ಬೇರೆ ವಿಷಯ.

ಅಂಕಿಗಳು ಹೇಳುವುದೂ ಹೇಳದಿರುವುದೂ

ಬಾಳಿಕೆಯ ಲೆಕ್ಕಕ್ಕೇ ಬರೋಣ. ಅಮೆರಿಕದ ದಂತವಿಮೆಯ ದಾಖಲೆಗಳನ್ನು ಆಧರಿಸಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ರೂಟ್ ಕೆನಾಲ್ ಆದ 14 ಲಕ್ಷಕ್ಕೂ ಹೆಚ್ಚು ಹಲ್ಲುಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು. ಎಂಟು ವರ್ಷಗಳ ನಂತರ ಅವುಗಳಲ್ಲಿ ಶೇ. 97ರಷ್ಟು ಬಾಯಿಯಲ್ಲೇ ಇದ್ದವು. ಕೀಳಿಸಬೇಕಾಗಿ ಬಂದವುಗಳಲ್ಲಿ ಶೇ. 85ರಷ್ಟಕ್ಕೆ ಹಲ್ಲನ್ನು ಪೂರ್ತಿ ಮುಚ್ಚುವ ಕ್ಯಾಪ್ ಇರಲಿಲ್ಲ. ಈ ಎರಡನೆಯ ಅಂಕಿ ನಮ್ಮಲ್ಲಿ ಪ್ರತಿ ಕ್ಲಿನಿಕ್ಕಿನ ಗೋಡೆಯ ಮೇಲೆ ಇರಬೇಕು. ನೋವು ಹೋಯಿತೆಂದು ರೂಟ್ ಕೆನಾಲಿಗೇ ನಿಲ್ಲಿಸಿ, ಕ್ಯಾಪನ್ನು ಮುಂದಿನ ಸಂಬಳಕ್ಕೆ, ಮುಂದಿನ ಹಬ್ಬಕ್ಕೆ ಮುಂದೂಡಿ, ಒಂದು ದಿನ ನಿಪ್ಪಟ್ಟು ಕಡಿಯುವಾಗ ಹಲ್ಲು ಎರಡು ಹೋಳಾದವರನ್ನು ನಾನು ಬಲ್ಲೆ. ಅವರೆಲ್ಲರೂ ‘ರೂಟ್ ಕೆನಾಲ್ ಮಾಡಿಸಿದ್ರೂ ಹಲ್ಲು ಉಳಿಯಲಿಲ್ಲ’ ಎಂದೇ ಹೇಳುತ್ತಾರೆ.

ಇಂಪ್ಲಾಂಟುಗಳೂ ಹತ್ತು ವರ್ಷ ಕಳೆದರೂ ನೂರಕ್ಕೆ ತೊಂಬತ್ತೈದರ ಆಸುಪಾಸಿನಲ್ಲಿ ಉಳಿದಿರುತ್ತವೆ. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಆಯ್ಕೆಗೆ ದಾರಿಯೇ ಸಿಗುವುದಿಲ್ಲ. ಮೇಲಾಗಿ ಬಾಯಿಯಲ್ಲಿ ಉಳಿದಿರುವುದೂ ಆರೋಗ್ಯವಾಗಿರುವುದೂ ಒಂದೇ ಅಲ್ಲ. ಬೇರಿನ ತುದಿಯಲ್ಲಿ ನೆರಳಿಟ್ಟುಕೊಂಡ ನನ್ನ ಹಲ್ಲು ಆ ಲೆಕ್ಕದಲ್ಲಿ ಉಳಿದ ಹಲ್ಲು. ಸುತ್ತಲಿನ ಮೂಳೆ ಅರ್ಧ ಕರಗಿ, ವಸಡಿನಿಂದ ಕೀವು ಬರುತ್ತಿರುವ ಇಂಪ್ಲಾಂಟ್ ಕೂಡ ಉಳಿದ ಇಂಪ್ಲಾಂಟೇ. ಇಂಪ್ಲಾಂಟಿಗೆ ಹುಳುಕು ಹಿಡಿಯುವುದಿಲ್ಲ ಎಂಬುದು ನಿಜ, ಆದರೆ ಅದರ ಸುತ್ತಲಿನ ವಸಡಿಗೂ ಮೂಳೆಗೂ ಸೋಂಕು ಬರುತ್ತದೆ. ಬಂದರೆ ಸಹಜ ಹಲ್ಲಿನ ವಸಡುರೋಗಕ್ಕಿಂತ ಗುಣಪಡಿಸುವುದು ಕಷ್ಟ. ವಸಡುರೋಗದಿಂದಲೇ ಹಲ್ಲು ಕಳೆದುಕೊಂಡವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಬೀಡಿ-ಸಿಗರೇಟು ಸೇದುವವರಿಗೆ ಈ ಅಪಾಯ ಹೆಚ್ಚು. ‘ಆಮೇಲೆ ಚಿಂತೆಯೇ ಇಲ್ಲ’ ಎಂಬ ಭರವಸೆಯನ್ನು ಯಾವ ಹಲ್ಲಿಗೂ ಕೊಡಲಾಗುವುದಿಲ್ಲ.

ಹಾಗಾದರೆ ತೀರ್ಮಾನ ಯಾವುದರ ಮೇಲೆ? ನನಗೆ ಅರ್ಥವಾದಂತೆ, ಮೊದಲು ನೋಡಬೇಕಾದದ್ದು ವಸಡಿನ ಮೇಲೆ ಉಳಿದಿರುವ ಗಟ್ಟಿ ಹಲ್ಲು ಎಷ್ಟು ಎಂಬುದನ್ನು. ಸುತ್ತಲೂ ಒಂದೂವರೆಯಿಂದ ಎರಡು ಮಿಲಿಮೀಟರಿನಷ್ಟಾದರೂ ಹುಳುಕಿಲ್ಲದ ಗೋಡೆ ಉಳಿದಿದ್ದರೆ, ಪೀಪಾಯಿಯ ಹಲಗೆಗಳನ್ನು ಕಬ್ಬಿಣದ ಬಳೆ ಬಿಗಿಹಿಡಿಯುವಂತೆ ಕ್ಯಾಪ್ ಅದನ್ನು ಹಿಡಿಯುತ್ತದೆ. ಅಷ್ಟಿಲ್ಲದೆ, ಬೇರಿಗೆ ಕಡ್ಡಿ ಇಳಿಸಿ ಅದರ ಮೇಲೆಯೇ ಕಟ್ಟಿ ನಿಲ್ಲಿಸಿದ ಹಲ್ಲು ಬಹಳ ಕಾಲ ಅಗಿಯುವ ಭಾರವನ್ನು ತಡೆಯುವುದಿಲ್ಲ. ಎರಡನೆಯದು ಬೇರನ್ನು ಹಿಡಿದಿರುವ ಮೂಳೆ. ಮೂರನೆಯದು, ಎಲ್ಲಕ್ಕಿಂತ ನಿಷ್ಠುರವಾದದ್ದು, ಬಿರುಕು. ಬೇರಿನ ತುದಿಯಲ್ಲಿ ನೆರಳಿದೆ ಎಂಬುದು ಇವುಗಳ ಸಾಲಿಗೆ ಬರುವುದೇ ಇಲ್ಲ. ಅದು ಚಿಕಿತ್ಸೆ ಬೇಕೆಂದು ಹೇಳುತ್ತದೆ, ಹಲ್ಲು ಹೋಯಿತೆಂದಲ್ಲ. ಒಳಗಿನಿಂದ ಮತ್ತೆ ರೂಟ್ ಕೆನಾಲ್ ಮಾಡಲಾಗದಿದ್ದರೆ ವಸಡನ್ನು ಬಿಡಿಸಿ ಬೇರಿನ ತುದಿಯನ್ನಷ್ಟೇ ಕತ್ತರಿಸಿ, ಕೆಳಗಿನಿಂದ ಮುಚ್ಚುವ ಶಸ್ತ್ರಚಿಕಿತ್ಸೆಯೂ ಇದೆ.

ಅಮ್ಮನ ಹಲ್ಲು

ಅಮ್ಮನಿಗೆ ಬಿರುಕೇ ಬಂದಿತ್ತು. ಆಕೆಯದೂ ರೂಟ್ ಕೆನಾಲ್ ಆಗಿ ಕ್ಯಾಪ್ ಹಾಕಿದ ದವಡೆ ಹಲ್ಲು. ವಸಡಿನ ಮೇಲೆ ಒಂದು ಗುಳ್ಳೆ ಎದ್ದು ಒಡೆಯುವುದು, ಮಾತ್ರೆ ತೆಗೆದುಕೊಂಡರೆ ಇಳಿಯುವುದು, ಮತ್ತೆ ಏಳುವುದು. ‘ನೋವೇ ಇಲ್ಲ, ಇದ್ದ ಹಲ್ಲನ್ನ ಯಾಕೆ ಕೀಳಿಸ್ಬೇಕು? ನಿನ್ನದನ್ನ ಉಳಿಸ್ಕೊಟ್ಟರಲ್ಲ, ನನ್ನದನ್ನೂ ಉಳಿಸಲಿ’ ಎಂದು ಆಕೆ ಪಟ್ಟು ಹಿಡಿದರು. ನನಗೂ ಅದೇ ಆಸೆಯಿತ್ತು. ನನ್ನ ಹಲ್ಲನ್ನು ನೋಡಿದ ಅದೇ ತಜ್ಞರು ಅದೇ ಅಳತೆಕಡ್ಡಿಯನ್ನು ವಸಡಿನ ಸುತ್ತ ಇಳಿಸಿದರು. ಎಲ್ಲ ಕಡೆಯೂ ಎರಡು, ಮೂರು ಮಿಲಿಮೀಟರ್ ಇಳಿದ ಕಡ್ಡಿ ಒಂದು ಜಾಗದಲ್ಲಿ ಮಾತ್ರ ಬೇರಿನ ಉದ್ದಕ್ಕೂ ಸರ್ರನೆ ಇಳಿದುಹೋಯಿತು. ಒಂದೇ ಕಡೆ, ಕಿರಿದಾಗಿ, ಆಳಕ್ಕೆ ಇಳಿಯುವ ಆ ಸಂದು ಉದ್ದಕ್ಕೆ ಸೀಳಿದ ಬೇರಿನ ಗುರುತು. ಅವರು ಕಡ್ಡಿಯನ್ನು ಅಲ್ಲೇ ಬಿಟ್ಟು, ಅಮ್ಮನ ಕೈಗೆ ಕನ್ನಡಿ ಕೊಟ್ಟು ತೋರಿಸಿದರು. ‘ಅಮ್ಮಾ, ಒಡೆದ ಬೇರನ್ನ ಅಂಟಿಸೋ ಮದ್ದು ನಮ್ಮ ಹತ್ರ ಇಲ್ಲ. ಈ ಸೀಳಿನಲ್ಲಿ ಕ್ರಿಮಿ ಕೂತು ಪಕ್ಕದ ಮೂಳೆಯನ್ನ ತಿಂತಾ ಇದೆ. ನೀವು ಕಾದಷ್ಟೂ ನಾಳೆ ಇಂಪ್ಲಾಂಟ್ ಇಡೋಕೆ ಜಾಗ ಕಡಿಮೆ ಆಗುತ್ತೆ’ ಎಂದರು. ಅಮ್ಮ ಕನ್ನಡಿಯನ್ನು ಬಹಳ ಹೊತ್ತು ನೋಡಿ, ‘ಹಾಗಾದ್ರೆ ತೆಗೆದುಬಿಡಿ ಡಾಕ್ಟ್ರೇ’ ಎಂದರು.

ಆಕೆಯ ಸಕ್ಕರೆಯ ಮೂರು ತಿಂಗಳ ಸರಾಸರಿ ಹತೋಟಿಗೆ ಬಂದ ಮೇಲೆ ಇಂಪ್ಲಾಂಟ್ ಕೂರಿಸಿದರು. ಕೆಳದವಡೆಯ ಮೂಳೆ ಲೋಹವನ್ನು ಹಿಡಿದುಕೊಳ್ಳಲು ಸುಮಾರು ಮೂರು ತಿಂಗಳು ಬಿಟ್ಟು ನಂತರ ಮೇಲಿನ ಹಲ್ಲು ಜೋಡಿಸಿದರು. ಹಾಗೆಂದು ಬಹಳ ಕಾಲ ಖಾಲಿ ಬಿಡುವಂತೆಯೂ ಇಲ್ಲ. ಹಲ್ಲು ಹೋದ ಜಾಗದ ಮೂಳೆ ಒಂದು ವರ್ಷದಲ್ಲಿ ತನ್ನ ಅಗಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ, ಅದರಲ್ಲಿ ಮೂರನೇ ಎರಡರಷ್ಟು ಮೊದಲ ಮೂರು ತಿಂಗಳಲ್ಲೇ ಹೋಗುತ್ತದೆ. ‘ಈಗ ಕೀಳಿಸಿಬಿಡೋಣ, ದುಡ್ಡು ಕೂಡಿದಾಗ ಹಾಕಿಸಿದರಾಯಿತು’ ಎಂದು ವರ್ಷಗಟ್ಟಲೆ ಬಿಡುವವರಿಗೆ ಆಮೇಲೆ ಮೂಳೆ ತುಂಬಿಸುವ ಇನ್ನೊಂದು ಶಸ್ತ್ರಚಿಕಿತ್ಸೆಯ ಖರ್ಚು ಸೇರಿಕೊಳ್ಳುತ್ತದೆ. ಮೇಲ್ದವಡೆಯ ಹಿಂಭಾಗವಾದರೆ ಅದರ ಮೇಲಿರುವ ಸೈನಸ್ಸಿನ, ಅಂದರೆ ಗಾಳಿ ತುಂಬಿದ ಪೊಳ್ಳಿನ, ತಳವನ್ನೂ ಎತ್ತಬೇಕಾಗಬಹುದು.

ಅಮ್ಮ ಈಗ ಆ ಬದಿಯಲ್ಲಿ ಚಕ್ಕುಲಿ ಕಡಿಯುತ್ತಾರೆ. ತೃಪ್ತಿಯಿದೆ. ಒಂದು ದಿನ ಊಟದ ನಡುವೆ, ತಾವಾಗಿಯೇ, ‘ಗಟ್ಟಿಯೇನೋ ಇದೆ. ಆದ್ರೆ ಅದರ ಕೆಳಗೆ ಏನು ಸಿಕ್ತು ಅಂತ ಗೊತ್ತಾಗೋಲ್ಲ, ನಾಲಿಗೆಯಲ್ಲೇ ಹುಡುಕ್ಬೇಕು’ ಎಂದರು. ನಾರಿನ ಪದರದ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಪಕ್ಕದ ಹಲ್ಲಿಗೂ ಇದಕ್ಕೂ ನಡುವೆ ಸೊಪ್ಪು ಸಿಕ್ಕಿಕೊಳ್ಳುತ್ತದೆಂದು ಸಂದಿಯ ಸಣ್ಣ ಬ್ರಷ್ಷನ್ನು ದಿನವೂ ಬಳಸುತ್ತಾರೆ. ಇವೆಲ್ಲ ಅವರ ಮಟ್ಟಿಗೆ ಒಪ್ಪಬಹುದಾದ ಬೆಲೆ, ಏಕೆಂದರೆ ಹಳೆಯ ಹಲ್ಲು ಉಳಿಯುವಂತೆಯೇ ಇರಲಿಲ್ಲ. ಉಳಿಯಬಹುದಾಗಿದ್ದ ಹಲ್ಲಿಗೆ ಬದಲಾಗಿ ಇದೇ ಬೆಲೆ ತೆತ್ತಿದ್ದರೆ ನನಗೆ ಬೇಸರವಾಗುತ್ತಿತ್ತು.

ಯಾರನ್ನು ಕೇಳಬೇಕು, ಯಾವಾಗ ಕೇಳಬೇಕು

ಇಂಪ್ಲಾಂಟಿನ ಖರ್ಚು ರೂಟ್ ಕೆನಾಲ್ ಮತ್ತು ಕ್ಯಾಪಿನ ಖರ್ಚಿಗಿಂತ ಸಾಮಾನ್ಯವಾಗಿ ಕೆಲವು ಪಟ್ಟು ಹೆಚ್ಚು. ಆರೋಗ್ಯ ವಿಮೆ ಅಪಘಾತವಲ್ಲದ ಹಲ್ಲಿನ ಚಿಕಿತ್ಸೆಗೆ ನೆರವಾಗುವುದು ಅಪರೂಪ. ಹಣದ ಕಾರಣಕ್ಕಾಗಿಯೇ ವೈದ್ಯರು ಕೀಳಿಸಲು ಹೇಳುತ್ತಾರೆಂದು ನಾನು ನಂಬುವುದಿಲ್ಲ. ಅದಕ್ಕಿಂತ ಸಾಮಾನ್ಯವಾದದ್ದು ಕೈಯ ಅಭ್ಯಾಸ: ದಿನವೂ ಇಂಪ್ಲಾಂಟ್ ಇಡುವವರಿಗೆ ಅದು ಸುಲಭ ಮತ್ತು ಖಚಿತ, ತಪ್ಪಿಹೋದ ನಾಲ್ಕನೆಯ ನಾಳವನ್ನು ಸೂಕ್ಷ್ಮದರ್ಶಕದ ಕೆಳಗೆ ಹುಡುಕುವುದು ಎಲ್ಲರ ಬಳಿಯೂ ಇಲ್ಲದ ಸಾಧನ ಮತ್ತು ತಾಳ್ಮೆಯನ್ನು ಬೇಡುತ್ತದೆ. ಆದ್ದರಿಂದ, ಕೀಳಿಸಬೇಕೆಂಬ ಮಾತು ಬಂದಾಗ ಹಲ್ಲು ಉಳಿಸುವುದನ್ನೇ ವಿಶೇಷವಾಗಿ ಓದಿದ ಒಬ್ಬರಿಗೆ ಮೊದಲು ತೋರಿಸಬೇಕೆಂಬುದು ನನ್ನ ಆಗ್ರಹ. ಉಳಿಸುವವರೇ ‘ಇದು ಆಗುವುದಿಲ್ಲ’ ಎಂದರೆ ಅನುಮಾನಕ್ಕೆ ಜಾಗವಿರುವುದಿಲ್ಲ. ಅಮ್ಮ ಒಪ್ಪಿದ್ದೂ ಹಾಗೆಯೇ. ಖಾಸಗಿ ತಜ್ಞರ ಶುಲ್ಕ ಕೈಗೆಟುಕದವರಿಗೆ ಬೆಂಗಳೂರಿನ ಸರ್ಕಾರಿ ದಂತ ಮಹಾವಿದ್ಯಾಲಯವಿದೆ. ಮಣಿಪಾಲ, ಧಾರವಾಡ, ಬೆಳಗಾವಿ, ದಾವಣಗೆರೆಯಂಥ ಊರುಗಳಲ್ಲಿ ದಂತವೈದ್ಯಕೀಯ ಕಾಲೇಜುಗಳಿವೆ. ಅಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರು ಕೆಲಸ ಮಾಡುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ, ಖರ್ಚು ಕಡಿಮೆ, ಮತ್ತು ಹಲ್ಲು ಉಳಿಸುವ ವಿಭಾಗ, ವಸಡಿನ ವಿಭಾಗ, ಕೃತಕ ಹಲ್ಲಿನ ವಿಭಾಗ ಒಂದೇ ಕಟ್ಟಡದಲ್ಲಿ ಸಿಗುತ್ತವೆ.

ವಯಸ್ಸಿನ ಮಾತೂ ಇದೆ, ಅದನ್ನು ನಾನು ಕಲಿತದ್ದು ಇತ್ತೀಚೆಗೆ. ನಮ್ಮ ಸಂಬಂಧಿಕರ ಹೈಸ್ಕೂಲು ಓದುವ ಹುಡುಗನೊಬ್ಬ ಕ್ರಿಕೆಟ್ ಆಡುವಾಗ ಬಿದ್ದು ಮೇಲಿನ ಮುಂಭಾಗದ ಹಲ್ಲು ಮುಕ್ಕಾಲು ಮುರಿಯಿತು. ಮುರಿದ ತುಂಡನ್ನು ತೆಗೆಸಿ ಇಂಪ್ಲಾಂಟ್ ಹಾಕಿಸಿಬಿಟ್ಟರೆ ಹುಡುಗನಿಗೆ ನಗಲು ಸಂಕೋಚವಿರುವುದಿಲ್ಲ ಎಂದು ಮನೆಯವರೆಲ್ಲ ತೀರ್ಮಾನಿಸಿದ್ದರು. ಆದರೆ ಬೆಳೆಯುವ ದವಡೆಯಲ್ಲಿ ಸಹಜ ಹಲ್ಲುಗಳು ತಮ್ಮ ನಾರುಗಳ ಜೊತೆ ಕೆಳಗೆ ಸರಿಯುತ್ತಾ ಬರುತ್ತವೆ. ಮೂಳೆಗೆ ಬೆಸೆದ ಇಂಪ್ಲಾಂಟ್ ಇಟ್ಟ ಜಾಗದಲ್ಲೇ ನಿಲ್ಲುತ್ತದೆ. ಕೆಲವು ವರ್ಷಗಳಲ್ಲಿ ಅದು ಪಕ್ಕದ ಹಲ್ಲುಗಳಿಗಿಂತ ಮೇಲೆ ಸಿಕ್ಕಿಕೊಂಡು ಕುಳ್ಳಾಗಿ ಕಾಣುತ್ತದೆ, ಮತ್ತು ಅದನ್ನು ಎಳೆದು ಸರಿಪಡಿಸುವ ದಾರಿಯಿಲ್ಲ. ಹುಡುಗನ ಬೇರು ಗಟ್ಟಿಯಿತ್ತು. ರೂಟ್ ಕೆನಾಲ್ ಮಾಡಿ, ಕ್ಲಿಪ್ಪು ಕಟ್ಟಿ ಬೇರನ್ನು ನಿಧಾನವಾಗಿ ಒಂದಿಷ್ಟು ಕೆಳಗೆಳೆದು, ಕ್ಯಾಪ್ ಹಿಡಿಯುವಷ್ಟು ಗೋಡೆ ಹೊರಬಂದ ಮೇಲೆ ಹಲ್ಲು ಕಟ್ಟಿಕೊಟ್ಟರು. ಆ ಬೇರು ಇರುವವರೆಗೆ ಅದರ ಸುತ್ತಲಿನ ಮೂಳೆಯೂ ಉಳಿಯುತ್ತದೆ. ಮುಂದೆಂದಾದರೂ ಅದು ಹೋದರೂ, ಬೆಳವಣಿಗೆ ಮುಗಿದ ದವಡೆಯಲ್ಲಿ ಇಂಪ್ಲಾಂಟಿಗೆ ಬೇಕಾದ ಜಾಗ ಅವನಿಗೆ ಇರುತ್ತದೆ.